ಪರದೆಯೋ ಗೋಡೆಯ ಔಷಧಿಯೋ, 3 ದಿನದ ಗುಳಿಗೆಯೋ 14 ದಿನದ್ದೋ: ಕಾಲುವೆ ಸೀಮೆಯ ರೈತರಿಗೆ ಮಲೇರಿಯಾ ಮಾರ್ಗದರ್ಶಿ

ಕಾರಟಗಿ ಹತ್ತಿರದ ಒಂದು ಕ್ಯಾಂಪಿನಲ್ಲಿ (ಕಾಲುವೆ ಸೀಮೆಯ ರೈತರ ಸಣ್ಣ ವಸತಿಗೆ ಇಲ್ಲಿ ಹೀಗೆನ್ನುತ್ತಾರೆ) ನಾಟಿ ನಡೆದಿತ್ತು. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ ರೈತರೊಬ್ಬರು ನನ್ನನ್ನು ತಡೆದು ಕೇಳಿದರು: "ಸರ, ರೊಕ್ಕ ಕೊಟ್ಟು ಪರದೆ ತಗೊಳ್ಳೋದು ಚಲೋನೋ, ಸರಕಾರದವ್ರು ಗ್ವಾಡಿಗೆ ಔಷಧ ಹೊಡದ್ರ ಸಾಕೋ? ಒಂದು ಹೇಳಿಬಿಡ್ರಿ."

ನಾನು ತಿರುಗಿ ಕೇಳಿದ್ದು ಒಂದೇ ಮಾತು. "ರಾತ್ರಿ ಎಲ್ಲಿ ಮಲಗ್ತೀರಿ?"

"ಮಳಿಗಾಲದಾಗ ಒಳಗ. ಬ್ಯಾಸಗ್ಯಾಗ ಮಾಳಗಿ ಮ್ಯಾಲ. ಸುಗ್ಗ್ಯಾಗ ಕಣದಾಗ. ನೀರಿನ ಪಾಳಿ ಬಂದ್ರ ನಿದ್ದಿನ ಇಲ್ಲ ಬಿಡ್ರಿ."

ಈ ಬರಹದ ಮುಕ್ಕಾಲು ಭಾಗ ಅವರ ಆ ಉತ್ತರದಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು, ಗಂಗಾವತಿ ಸೀಮೆಯ ಹಳ್ಳಿಗಳಲ್ಲಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತಲೇಪನ ತೆಗೆಯುತ್ತಲೇ ನನ್ನ ನೌಕರಿ ಮುಗಿಯಿತು. ಊರವರಿಗೆ ನಾನು "ಮಲೇರಿಯಾ ಸರ್". ಅಷ್ಟು ವರ್ಷ ಮನೆಮನೆ ತಿರುಗಿ ನಾನು ಕಂಡುಕೊಂಡದ್ದು ಇಷ್ಟು: ಸೊಳ್ಳೆಯಿಂದ ತಪ್ಪಿಸಿಕೊಳ್ಳುವ ದಾರಿಯನ್ನು ನೀವು ಮಲಗುವ ಜಾಗ ನೋಡಿ ಆರಿಸಬೇಕು, ಗುಳಿಗೆಯನ್ನು ರಕ್ತದಲ್ಲಿರುವ ರೋಗಾಣುವಿನ ಜಾತಿ ನೋಡಿ ಆರಿಸಬೇಕು. ನಮ್ಮಲ್ಲಿ ಎರಡನ್ನೂ ಬೆಲೆ ನೋಡಿ ಆರಿಸುತ್ತಾರೆ, ಇಲ್ಲವೇ ಪಕ್ಕದ ಮನೆಯವರು ಏನು ಮಾಡಿದರೋ ಅದನ್ನೇ ಮಾಡುತ್ತಾರೆ.

ಗಟಾರದ ಸೊಳ್ಳೆಯೇ ಬೇರೆ, ಕಾಲುವೆಯ ಸೊಳ್ಳೆಯೇ ಬೇರೆ

ಗ್ರಾಮಸಭೆಯಲ್ಲಿ ಮಲೇರಿಯಾ ಮಾತು ಬಂದರೆ ಸಾಕು, ಎಲ್ಲರ ಬೆರಳೂ ಗಟಾರದ ಕಡೆ ತಿರುಗುತ್ತದೆ. ಗಟಾರ ಸ್ವಚ್ಛವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳಕು ನೀರಿನಲ್ಲಿ ಹುಟ್ಟುವುದು ಬಹುಪಾಲು ಕ್ಯೂಲೆಕ್ಸ್ ಸೊಳ್ಳೆ. ಅದು ಆನೆಕಾಲು ರೋಗ ತರಬಲ್ಲದು, ಮಲೇರಿಯಾ ತರುವುದಿಲ್ಲ. ಮಲೇರಿಯಾ ತರುವುದು ಅನಾಫಿಲಿಸ್. ಅದಕ್ಕೆ ಬೇಕಾದದ್ದು ತಿಳಿಯಾದ, ನಿಂತ ಅಥವಾ ಮೆಲ್ಲಗೆ ಹರಿಯುವ ನೀರು.

ಅಂಥ ನೀರು ನಮ್ಮಲ್ಲಿ ಎಲ್ಲಿಲ್ಲ ಹೇಳಿ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ದೇಶದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ ಅದೇ ವರ್ಷ. ಎಡದಂಡೆ ಕಾಲುವೆ ಬಂದು ಜೋಳ, ನವಣೆ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಅದರಿಂದ ಬಂದ ಅನ್ನಕ್ಕೆ ನಾವು ಋಣಿಗಳು. ಅದರ ಜೊತೆಗೇ ಉಪಕಾಲುವೆಯ ಬದಿಯ ಬಸಿನೀರು, ತೂಬಿನ ಕೆಳಗಿನ ಗುಂಡಿ, ನಾಟಿ ಮಾಡಿದ ಹೊಸ ಗದ್ದೆ, ದನಗಳ ಗೊರಸಿನ ಗುರುತಿನಲ್ಲಿ ನಿಂತ ಬೊಗಸೆ ನೀರು, ಇವೆಲ್ಲ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಎಂಬ ಹಳ್ಳಿಯ ಸೊಳ್ಳೆಗೆ ತೊಟ್ಟಿಲಾದವು. ರಾಯಚೂರು, ಬಳ್ಳಾರಿಯಂಥ ಪಟ್ಟಣಗಳಲ್ಲಿ ಹುಷಾರಾಗಿರಬೇಕಾದದ್ದು ಇದರ ಅಕ್ಕ, ಅನಾಫಿಲಿಸ್ ಸ್ಟೆಫೆನ್ಸಿ. ಅದಕ್ಕೆ ಗದ್ದೆ ಬೇಡ. ಮುಚ್ಚಳವಿಲ್ಲದ ಸಿಂಟೆಕ್ಸ್, ಸಿಮೆಂಟಿನ ತೊಟ್ಟಿ, ಬಾವಿ, ಕಟ್ಟಡ ಕೆಲಸದಲ್ಲಿ ನಿಂತ ನೀರು ಸಾಕು.

ಗುರುತು ಹಿಡಿಯುವುದು ಕಷ್ಟವಲ್ಲ. ಬಿಳಿ ತಟ್ಟೆಯಲ್ಲಿ ನೀರು ತೆಗೆದು ನೋಡಿ. ಮರಿಹುಳು ತಲೆಕೆಳಗಾಗಿ ಓರೆಯಾಗಿ ಜೋತಾಡುತ್ತಿದ್ದರೆ ಅದು ಬೇರೆ ಸೊಳ್ಳೆಯದು. ನೀರಿನ ಮೇಲ್ಮೈಗೆ ಸಮನಾಗಿ, ತೇಲುವ ಹುಲ್ಲುಕಡ್ಡಿಯಂತೆ ಅಡ್ಡ ಮಲಗಿದ್ದರೆ ಅದು ಅನಾಫಿಲಿಸ್. ಬೆಳೆದ ಸೊಳ್ಳೆ ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ. ಶಾಲೆಯ ಮಕ್ಕಳಿಗೆ ಒಮ್ಮೆ ತೋರಿಸಿದರೆ ಅವರು ಊರೆಲ್ಲ ಹುಡುಕಿ ಬಂದು ಹೇಳುತ್ತಾರೆ.

ಪರದೆ ಮತ್ತು ಗೋಡೆಯ ಔಷಧಿ

ಇಲಾಖೆಯವರು ಒಳಗೋಡೆಗೆ ಹೊಡೆಯುವ ಔಷಧಿ ಕೆಲಸ ಮಾಡುವ ಬಗೆಯನ್ನು ಅರ್ಥ ಮಾಡಿಕೊಂಡರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಅದು ಸೊಳ್ಳೆ ಕಚ್ಚುವುದನ್ನು ತಡೆಯುವುದಿಲ್ಲ. ರಕ್ತ ಕುಡಿದು ಹೊಟ್ಟೆ ಭಾರವಾದ ಸೊಳ್ಳೆ ಹಾರಲಾರದೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಅಲ್ಲಿ ಔಷಧಿ ತಾಗಿ ಸಾಯುತ್ತದೆ. ಕುಡಿದ ರಕ್ತದಲ್ಲಿದ್ದ ರೋಗಾಣು ಸೊಳ್ಳೆಯೊಳಗೆ ಬೆಳೆದು ಇನ್ನೊಬ್ಬರಿಗೆ ದಾಟಲು ಸುಮಾರು 10 ದಿನವಾದರೂ ಬೇಕು. ಅಷ್ಟರೊಳಗೆ ಸೊಳ್ಳೆ ಸತ್ತರೆ ರೋಗದ ಸರಪಳಿ ಅಲ್ಲೇ ತುಂಡು. ಹಾಗಾಗಿ ಗೋಡೆಯ ಔಷಧಿ ಒಬ್ಬರ ಮನೆಯ ರಕ್ಷಣೆಯಲ್ಲ, ಊರಿನ ರಕ್ಷಣೆ. ಊರಿನ ಹೆಚ್ಚಿನ ಮನೆಗಳು ಒಪ್ಪಿ ಹೊಡೆಸಿಕೊಂಡರೆ ಮಾತ್ರ ಫಲ. 10 ಮನೆಗೆ ಹೊಡೆಸಿ 90 ಮನೆ ಬಾಗಿಲು ಹಾಕಿಕೊಂಡರೆ ಔಷಧಿಯೂ ದಂಡ, ಕೂಲಿಯೂ ದಂಡ.

ಬಾಗಿಲು ಹಾಕಿಕೊಳ್ಳುವವರ ಕಾರಣವೂ ನನಗೆ ಗೊತ್ತು. ಗೋಡೆಯ ಮೇಲೆ ಬಿಳಿ ಕಲೆ, ವಾಸನೆ, ಕಾಳುಕಡಿ ಪಾತ್ರೆ ಪಗಡ ಎಲ್ಲ ಹೊರಗೆ ಹಾಕುವ ಉಸಾಬರಿ. ದೇವರ ಮನೆಗೆ ಬೇಡ, ಅಡುಗೆ ಮನೆಗೆ ಬೇಡ ಅಂದು ಕೊನೆಗೆ ಪಡಸಾಲೆಗೆ ಮಾತ್ರ ಹೊಡೆಸಿಕೊಳ್ಳುತ್ತಾರೆ. ಮಲಗುವ ಕೋಣೆಯೇ ಬಿಟ್ಟುಹೋಗಿರುತ್ತದೆ! ಇನ್ನೊಂದು ಕಡೆ, ಔಷಧಿ ಹೊಡೆಸಿಕೊಂಡ ಎಂಟೇ ದಿನಕ್ಕೆ ಹಬ್ಬ ಬಂತೆಂದು ಗೋಡೆ ಸಾರಿಸಿ ಸುಣ್ಣ ಬಳಿಯುತ್ತಾರೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಔಷಧಿಯ ಬಲ ಸುಮಾರು 10 ವಾರ ನಿಲ್ಲುತ್ತದೆ. ಸುಣ್ಣ ಬಳಿದ ಕ್ಷಣಕ್ಕೆ ಅದು ಮುಗಿಯಿತು. ದಸರಾ ದೀಪಾವಳಿಯ ಸುಣ್ಣ ಬಳಿಯುವವರು ಅದನ್ನು ಔಷಧಿಯವರು ಬರುವ ಮೊದಲೇ ಮುಗಿಸಬೇಕು, ಇಲ್ಲವೇ ಎರಡೂವರೆ ತಿಂಗಳು ತಡೆಯಬೇಕು.

ಇನ್ನು ಪರದೆ. ಔಷಧಿ ಹುದುಗಿದ ದೀರ್ಘಬಾಳಿಕೆಯ ಪರದೆ ಎರಡು ಕೆಲಸ ಮಾಡುತ್ತದೆ. ಸೊಳ್ಳೆಯನ್ನು ದೂರವಿಡುತ್ತದೆ, ಮೇಲೆ ಕೂತ ಸೊಳ್ಳೆಯನ್ನು ಕೊಲ್ಲುತ್ತದೆ. ಸುಮಾರು 3 ವರ್ಷ, ಅಥವಾ 20 ಸಲ ಒಗೆಯುವವರೆಗೆ ಅದರ ಔಷಧಿ ಇರುತ್ತದೆ. ಮಲೇರಿಯಾ ಹೆಚ್ಚಿರುವ ಊರುಗಳಿಗೆ ಸರ್ಕಾರವೇ ಪುಕ್ಕಟೆ ಹಂಚುತ್ತದೆ. ಸಂತೆಯ ಮಾಮೂಲು ಪರದೆ ಅಡ್ಡಗೋಡೆಯಷ್ಟೇ. ಕೈ ಬಟ್ಟೆಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ, ಒಂದು ತೂತು ಬಿದ್ದರೆ ಒಳಗೆ ನುಗ್ಗುತ್ತದೆ. ಔಷಧಿಯ ಪರದೆ ಸಣ್ಣ ತೂತು ಬಿದ್ದರೂ ಸ್ವಲ್ಪಮಟ್ಟಿಗೆ ಕಾಯುತ್ತದೆ. ಹಾಗಂತ ತೂತು ಬಿಡಬೇಡಿ, ಸೂಜಿದಾರ ಹಿಡಿಯಿರಿ.

ಹೊಸ ಔಷಧಿ ಪರದೆಯನ್ನು ಬಿಚ್ಚಿ ಒಂದು ದಿನ ನೆರಳಿನಲ್ಲಿ ಹರವಬೇಕು. ಇದನ್ನು ಹೇಳದೆ ಹಂಚಿದ ಕಡೆಯೆಲ್ಲ ಮೊದಲ ರಾತ್ರಿಯೇ "ಮುಖ ಉರೀತೈತಿ" ಎಂದು ಮಡಚಿ ಅಟ್ಟಕ್ಕೆ ಹಾಕಿದ್ದನ್ನು ಕಂಡಿದ್ದೇನೆ. ಒಂದು ಮನೆಯಲ್ಲಂತೂ ಅದರಿಂದ ಕೋಳಿಮರಿಗೆ ಗೂಡು ಮಾಡಿದ್ದರು, ಇನ್ನೊಂದು ಕಡೆ ಹಿತ್ತಲಿನ ಬದನೆ ಗಿಡಕ್ಕೆ ಹೊದಿಸಿದ್ದರು. ಒಗೆಯುವಾಗ ಸಾದಾ ಸಾಬೂನು, ಬಕೆಟ್ಟಿನಲ್ಲಿ ನೀರು. ಕಲ್ಲಿಗೆ ಕುಕ್ಕಬಾರದು, ಬಿಸಿಲಿಗೆ ಹಾಕಬಾರದು, ಕೆರೆ ಕಾಲುವೆಗೆ ಒಯ್ಯಬಾರದು. ಆ ಔಷಧಿ ಮೀನಿಗೆ ವಿಷ.

ಹಾಗಾದರೆ ಯಾವುದು? ವರ್ಷವಿಡೀ ನಾಲ್ಕು ಗೋಡೆಯ ಒಳಗೇ ಮಲಗುವ ಮನೆ, ಊರೂ ಒಟ್ಟಾಗಿದೆ ಎಂದಾದರೆ ಗೋಡೆಯ ಔಷಧಿ ಒಳ್ಳೆಯ ರಕ್ಷಣೆ. ನಮ್ಮ ಜಿಲ್ಲೆಗಳಲ್ಲಿ ಹಾಗೆ ಮಲಗುವವರು ಎಷ್ಟು ಜನ? ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಮಣ್ಣು ನಡುರಾತ್ರಿವರೆಗೂ ಕಾವು ಉಗುಳುತ್ತದೆ. ಜನ ಅಂಗಳಕ್ಕೆ, ಮಾಳಿಗೆಗೆ, ಕಟ್ಟೆಗೆ ಹಾಸಿಗೆ ಒಯ್ಯುತ್ತಾರೆ. ಮುಂದೆ ಸುಗ್ಗಿಯಲ್ಲಿ ಭತ್ತದ ರಾಶಿ ಕಾಯಲು ಕಣದಲ್ಲಿ ಮಲಗುತ್ತಾರೆ. ಅಲ್ಲಿ ಗೋಡೆಯೇ ಇಲ್ಲ, ಔಷಧಿ ಎಲ್ಲಿ ಕೆಲಸ ಮಾಡಬೇಕು? ನಮಗೆ ಪರದೆಯೇ ಮೊದಲು. ಮಾಳಿಗೆಯ ಮೇಲೆ ಕಟ್ಟುವುದು ಹೇಗೆ ಎಂದು ಕೇಳುತ್ತಾರೆ. ಹೊರಸಿನ ನಾಲ್ಕು ಕಾಲಿಗೆ ನಾಲ್ಕು ತೊಗರಿ ಕಟ್ಟಿಗೆ ಬಿಗಿದು ಅದಕ್ಕೆ ಪರದೆಯ ಮೂಲೆ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ತುರುಕಿದ ಒಬ್ಬ ಅಜ್ಜಿಯನ್ನು ಕುಷ್ಟಗಿ ಕಡೆ ನೋಡಿದ್ದೆ. ಗಾಳಿಗೆ ಪರದೆ ಹಾರದಿರಲೆಂದು ನಾಲ್ಕೂ ಅಂಚಿಗೆ ಹಳೆಯ ಸೀರೆಯ ದಪ್ಪ ಅಂಚು ಹೊಲಿದಿದ್ದರು. ಅದಕ್ಕಿಂತ ಒಳ್ಳೆಯ ಉಪಾಯ ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ.

ಪರದೆ ಮನೆಮಂದಿಗೆಲ್ಲ ಸಾಲದಿದ್ದರೆ? ಗಂಡಸರು, ದುಡಿಯುವವರು ಮೊದಲು ಎಂಬ ಲೆಕ್ಕ ಬೇಡ. ಬಸುರಿ ಮತ್ತು 5 ವರ್ಷದೊಳಗಿನ ಮಕ್ಕಳು ಮೊದಲು. ಮಲೇರಿಯಾ ಅವರನ್ನು ಕೆಡವಿದಷ್ಟು ಬೇಗ ಬೇರೆಯವರನ್ನು ಕೆಡವುವುದಿಲ್ಲ.

ದನದ ಮಾತೂ ಇಲ್ಲಿ ಬರಬೇಕು. ಕ್ಯೂಲಿಸಿಫೇಸಿಸ್ ಸೊಳ್ಳೆಗೆ ಮನುಷ್ಯರಿಗಿಂತ ದನದ ರಕ್ತ ಹೆಚ್ಚು ಇಷ್ಟ. ಎತ್ತು, ಎಮ್ಮೆ ಕಟ್ಟುವ ಬಂಕದಲ್ಲೇ ಒಂದು ಮಗ್ಗುಲಿಗೆ ಮಂಚ ಹಾಕಿ ಮಲಗುವವರು ಅದರ ಊಟದ ಪಂಕ್ತಿಯಲ್ಲೇ ಕೂತಂತೆ. ಮಂಚ ದೂರ ಸರಿಸಿ. ಕಳ್ಳರ ಭಯಕ್ಕೆ ಅಲ್ಲೇ ಮಲಗಲೇಬೇಕಾದರೆ ಪರದೆ ಕಟ್ಟಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹತ್ತಿ, ಮೆಣಸಿನ ಹೊಲಕ್ಕೆ ತಂದ ಕೀಟನಾಶಕ ಮಿಕ್ಕಿದೆ ಎಂದು ಮನೆಯ ಗೋಡೆಗೆ ಹೊಡೆಯಬೇಡಿ, ಪರದೆ ಅದ್ದಬೇಡಿ. ಹೊಲದ ಔಷಧಿಯ ಪ್ರಮಾಣವೇ ಬೇರೆ, ಅದರಲ್ಲಿ ಬೆರೆಸಿರುವ ದ್ರಾವಕವೇ ಬೇರೆ. ಮಲಗುವ ಕೋಣೆಯಲ್ಲಿ ಅದು ಮಕ್ಕಳ ಉಸಿರಿಗೆ ಸೇರುತ್ತದೆ.

ಕಾಯಿಲ್, ಬೇವಿನ ಹೊಗೆ, ಮುಲಾಮು

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇವಿನ ಸೊಪ್ಪಿನ ಹೊಗೆ ಸಂಜೆ ಒಂದಿಷ್ಟು ಹೊತ್ತು ಸೊಳ್ಳೆ ಓಡಿಸುತ್ತದೆ, ಅದರ ಜೊತೆಗೆ ಕೂಸಿಗೆ ಕೆಮ್ಮನ್ನೂ ತರುತ್ತದೆ. ಸುರುಳಿ ಕಾಯಿಲ್ ಮುಚ್ಚಿದ ಕೋಣೆಯಲ್ಲಿ ಉಸಿರಿಗೆ ಒಳ್ಳೆಯದಲ್ಲ. ಕರೆಂಟಿನ ದ್ರಾವಣದ ಯಂತ್ರ ಕರೆಂಟು ಇರುವಷ್ಟು ಹೊತ್ತು. ಕಚ್ಚುವ ಅನಾಫಿಲಿಸ್ ಬರುವುದು ರಾತ್ರಿ, ಎಲ್ಲರೂ ಮಲಗಿದ ಮೇಲೂ. ಹಾಗಾಗಿ ಇವು ಪರದೆಗೆ ಜೊತೆಯಾಗಬಹುದು, ಬದಲಿ ಆಗಲಾರವು.

ಆದರೆ ಒಂದು ಸಂದರ್ಭದಲ್ಲಿ ಮುಲಾಮೇ ಗತಿ. ರಾತ್ರಿ ಪಾಳಿಯ ನೀರು ಕಟ್ಟಲು, ತ್ರೀಫೇಸ್ ಕರೆಂಟು ಬಂತೆಂದು ಮೋಟರು ಚಾಲೂ ಮಾಡಲು ಹೋಗುವವರು ಪರದೆ ಹೊತ್ತು ಹೋಗಲಾರರು. ಅವರಿಗೆ ಡೀಟ್ ಎಂಬ ಅಂಶವಿರುವ ಮುಲಾಮು, ತುಂಬುತೋಳಿನ ಅಂಗಿ, ಮೊಣಕಾಲು ಮುಚ್ಚುವ ಬಟ್ಟೆ. ಕೊಬ್ಬರಿ ಎಣ್ಣೆಗೆ ಬೇವಿನ ಎಣ್ಣೆ ಬೆರೆಸಿ ಹಚ್ಚುವುದೂ ಕೆಲವು ತಾಸು ಕೆಲಸ ಮಾಡುತ್ತದೆ. ಬೆವರಿಗೆ, ನೀರಿಗೆ ತೊಳೆದು ಹೋದರೆ ಮತ್ತೆ ಹಚ್ಚಬೇಕು.

ನೀರಿನಲ್ಲೇ ತಡೆಯುವುದು

ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಬಿಸಿಲಿಗೆ ಒಂದು ವಾರದಿಂದ 10 ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು ಬರಿದು ಮಾಡಿ ತಿಕ್ಕಿ ಒಣಗಿಸಿ ಎನ್ನುವುದು ಈ ಲೆಕ್ಕದ ಮೇಲೆಯೇ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರಿನಲ್ಲಿ ತುಂಬಿಟ್ಟ ನೀರು ಚೆಲ್ಲಿ ಎಂದರೆ ಯಾವ ತಾಯಿಯೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಲ್ಲಿ ಬಿಗಿಯಾದ ಮುಚ್ಚಳ, ಅಥವಾ ಹಳೆಯ ಧೋತ್ರ ಕಟ್ಟಿ ಹಗ್ಗ ಬಿಗಿಯುವುದು ಸರಿಯಾದ ದಾರಿ.

ಬಳಸುವ ಬಾವಿ, ದೊಡ್ಡ ತೊಟ್ಟಿಗಳಿಗೆ ಮರಿಹುಳು ತಿನ್ನುವ ಗಪ್ಪಿ ಮೀನು ಒಳ್ಳೆಯ ಉಪಾಯ. ಒಮ್ಮೆ ಬಿಟ್ಟರೆ ತಾನೇ ಮರಿ ಹಾಕಿ ಹೆಚ್ಚುತ್ತದೆ. ಗ್ಯಾಂಬೂಸಿಯಾ ಇನ್ನೂ ಚುರುಕಿನ ಮೀನು, ಆದರೆ ಅದನ್ನು ಕೆರೆ ಹೊಳೆಗೆ ಬಿಡಬೇಡಿ. ನಮ್ಮ ನೀರಿನ ಮೀನಿನ ಮೊಟ್ಟೆ ಮರಿಗಳನ್ನೂ ತಿಂದುಹಾಕುತ್ತದೆ. ಗದ್ದೆಗೆ ಎರಡೂ ಉಪಯೋಗಕ್ಕೆ ಬಾರವು. ಕೀಟನಾಶಕ ಹೊಡೆದ ದಿನವೇ ಮೀನು ಮಗುಚಿ ಬೀಳುತ್ತವೆ.

ಗದ್ದೆಗೆ ಇರುವ ಮದ್ದು ನೀರು ಕಟ್ಟುವ ರೀತಿಯಲ್ಲಿದೆ. ಮಡಿಯಲ್ಲಿ ದಿನವೂ ನೀರು ನಿಲ್ಲಿಸುವ ಬದಲು, ನೀರು ಇಂಗಿ ಮಣ್ಣು ಕೂದಲೆಳೆಯಷ್ಟು ಬಿರಿದ ಮೇಲೆ ಮತ್ತೆ ಕಟ್ಟುವ ಪದ್ಧತಿಯಲ್ಲಿ ಮರಿಹುಳು ಸೊಳ್ಳೆಯಾಗುವ ಮೊದಲೇ ಒಣಗಿ ಸಾಯುತ್ತವೆ. ತೆನೆ ಒಡೆಯುವ ಹೊತ್ತಿನಲ್ಲಿ ಹೀಗೆ ಒಣಗಿಸಬಾರದು. ನೀರೂ ಉಳಿಯುತ್ತದೆ. ಕಾಲುವೆಯ ಮೇಲ್ಭಾಗದವರು ನೀರು ಉಳಿಸಿದರೆ ಮಾನ್ವಿ, ಸಿರವಾರದ ಕೊನೆಭಾಗದ ಹೊಲಕ್ಕೂ ಒಂದಿಷ್ಟು ಮುಟ್ಟುತ್ತದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನೀರಿನ ಬೆಲೆ ಏನೆಂದು ನಮಗೆಲ್ಲ ಗೊತ್ತಾಗಿದೆ. ಆದರೆ ಒಬ್ಬ ರೈತ ತನ್ನ ಎರಡು ಎಕರೆಯಲ್ಲಿ ಮಾತ್ರ ಮಾಡಿದರೆ ಸೊಳ್ಳೆ ಪಕ್ಕದ ಗದ್ದೆಯಿಂದ ಬರುತ್ತದೆ. ಒಂದು ತೂಬಿನ ಕೆಳಗಿನವರೆಲ್ಲ ಸೇರಿ ಮಾಡಬೇಕು. ನೇರ ಬಿತ್ತನೆ ಮಾಡುವವರ ಹೊಲದಲ್ಲಿ ಮೊದಲ ವಾರಗಳಲ್ಲಿ ನೀರು ನಿಲ್ಲದಿರುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ಇನ್ನು ಹೊಗೆ ಯಂತ್ರ. ಜನರಿಗೆ ಇದರ ಮೇಲೆ ಬಲು ನಂಬಿಕೆ, ಪಂಚಾಯಿತಿಯವರಿಗೂ ಇದು ಇಷ್ಟ, ಯಾಕೆಂದರೆ ಕೆಲಸ ಮಾಡಿದ್ದು ಊರಿಗೆಲ್ಲ ಕಾಣುತ್ತದೆ. ಆ ಹೊತ್ತಿಗೆ ಹಾರುತ್ತಿದ್ದ ಸೊಳ್ಳೆ ಸಾಯುತ್ತದೆ. ಹೊಗೆ ತಿಳಿಯಾದ ಮೇಲೆ ಹೊಸದು ಬರುತ್ತದೆ. ಒಮ್ಮೆಲೇ ಹತ್ತಾರು ಜನಕ್ಕೆ ರೋಗ ಹಬ್ಬಿದಾಗ ಅದಕ್ಕೆ ಜಾಗವಿದೆ. ಮಾಮೂಲು ದಿನಗಳಲ್ಲಿ ಆ ಹಣದಲ್ಲಿ ಕಾಲುವೆ ಬದಿಯ ಬಸಿನೀರಿನ ಗುಂಡಿಗೆ ಮಣ್ಣು ಹಾಕಿಸುವುದು ಹೆಚ್ಚು ಲಾಭ. ಗ್ರಾಮಸಭೆಯಲ್ಲಿ ಇದನ್ನೇ ಕೇಳಿ.

ಜ್ವರ ಬಂತು: ಗಾಜಿನ ಪಟ್ಟಿಯೋ, ಕಿಟ್ಟೋ, ವೈಡಾಲೋ?

ಚಳಿ ನಡುಕ, ಆಮೇಲೆ ಕೆಂಡದಂಥ ಜ್ವರ, ಆಮೇಲೆ ಬೆವರು. ಹೀಗೆ ಸರತಿಯಲ್ಲಿ ಬಂದರೆ ಮಲೇರಿಯಾ ಎಂದು ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ಎಲ್ಲರಿಗೂ ಹೀಗೆ ಬರುವುದಿಲ್ಲ. ಮಕ್ಕಳಿಗೆ ಬರೀ ಜ್ವರ, ವಾಂತಿ, ಭೇದಿ ಇರಬಹುದು. ಆದ್ದರಿಂದ ಕಾಲುವೆ ಸೀಮೆಯಲ್ಲಿ ಯಾವ ಜ್ವರಕ್ಕೂ ಒಂದು ದಿನದೊಳಗೆ ರಕ್ತ ಪರೀಕ್ಷೆ ಮಾಡಿಸಬೇಕು.

ಪರೀಕ್ಷೆ ಎರಡು ಬಗೆ. ರಕ್ತಲೇಪನದಲ್ಲಿ ಬೆರಳ ತುದಿಯಿಂದ ರಕ್ತ ತೆಗೆದು ಗಾಜಿನ ಪಟ್ಟಿಯ ಒಂದು ಕಡೆ ದಪ್ಪ ಚುಕ್ಕೆ, ಇನ್ನೊಂದು ಕಡೆ ತೆಳುವಾಗಿ ನಾಲಿಗೆಯಾಕಾರಕ್ಕೆ ಎಳೆಯುತ್ತಾರೆ. ದಪ್ಪ ಚುಕ್ಕೆಯಲ್ಲಿ ರೋಗಾಣು ಇದೆಯೋ ಇಲ್ಲವೋ ಸಿಗುತ್ತದೆ, ತೆಳುವಾದದ್ದರಲ್ಲಿ ಯಾವ ಜಾತಿ ಎಂದು ಗೊತ್ತಾಗುತ್ತದೆ. ನುರಿತ ಕಣ್ಣಿದ್ದರೆ ಇದರಷ್ಟು ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಪ್ರಯೋಗಾಲಯಕ್ಕೆ ಪಟ್ಟಿ ಹೋಗಿ ಫಲಿತಾಂಶ ಬರಬೇಕು. ಕಿಟ್ಟಿನ ಪರೀಕ್ಷೆ ಮನೆಯ ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆಯೇ ಮಾಡುತ್ತಾರೆ. 15ರಿಂದ 20 ನಿಮಿಷದಲ್ಲಿ ಗೆರೆ ಮೂಡುತ್ತದೆ. ಮಲೇರಿಯಾ ರೋಗಾಣುವಿನ ಎರಡು ಜಾತಿಗಳಾದ ವೈವ್ಯಾಕ್ಸ್, ಫಾಲ್ಸಿಪಾರಂ ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ತೋರಿಸುತ್ತದೆ.

ದೂರದ ಕ್ಯಾಂಪು, ತಾಂಡಾ, ಹೊಲದ ಮನೆಗಳಿಗೆ ಕಿಟ್ಟು. ಲ್ಯಾಬ್ ಇರುವ ಊರಿನಲ್ಲಿ ಲೇಪನ. ಆದರೆ ಒಮ್ಮೆ ಫಾಲ್ಸಿಪಾರಂ ಬಂದು ವಾಸಿಯಾದವರಿಗೆ ಮತ್ತೆ ಜ್ವರ ಬಂದರೆ ಕಿಟ್ಟನ್ನು ನಂಬಬೇಡಿ. ರೋಗ ಹೋದ ಮೇಲೂ ಕೆಲವು ವಾರ ಆ ಗೆರೆ ಮೂಡುತ್ತಲೇ ಇರುತ್ತದೆ. ಅವರಿಗೆ ಲೇಪನವೇ ಆಗಬೇಕು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಇಟ್ಟ ಕಿಟ್ಟು ಕಾವಿಗೆ ಕೆಡಬಹುದು. ನಾನು ಅದನ್ನು ನೀರಿನ ಹರವಿಯ ಪಕ್ಕ ತಂಪಿನಲ್ಲಿ ಇಡಿಸುತ್ತಿದ್ದೆ. ಕಿಟ್ಟು ಸರಿಯಿದೆ ಎಂದು ತೋರಿಸುವ ಹತೋಟಿ ಗೆರೆ ಮೂಡದಿದ್ದರೆ ಆ ಕಿಟ್ಟು ಕೆಟ್ಟಿದೆ ಎಂದೇ ಅರ್ಥ, "ಮಲೇರಿಯಾ ಇಲ್ಲ" ಎಂದಲ್ಲ. ಕಿಟ್ಟಿನಲ್ಲಿ ಏನೂ ಬಾರದೆ ಜ್ವರ ಮುಂದುವರಿದರೂ ಮತ್ತೊಮ್ಮೆ ರಕ್ತ ಕೊಡಿ.

ಹಳ್ಳಿಗಳಲ್ಲಿ "ಟೈಫಾಯ್ಡು ಮಲೇರಿಯಾ ಎರಡೂ ಆಗೇತಿ" ಎಂಬ ಮಾತು ಬಹಳ ಕೇಳುತ್ತೇನೆ. ಬಹಳಷ್ಟು ಸಲ ಅದು ಟೈಫಾಯ್ಡಿಗೆ ಮಾಡುವ ವೈಡಾಲ್ ಎಂಬ ಒಂದೇ ರಕ್ತಪರೀಕ್ಷೆಯ ಮೇಲೆ ಹೇಳಿದ್ದು. ಹಿಂದೆಂದೋ ಬಂದು ಹೋದ ಸೋಂಕಿಗೂ ವೈಡಾಲ್ ಪಾಸಿಟಿವ್ ಬರಬಹುದು. ಅದು ಮಲೇರಿಯಾದ ಪರೀಕ್ಷೆಯೇ ಅಲ್ಲ. ಚೀಟಿಯಲ್ಲಿ ಮಲೇರಿಯಾಕ್ಕೆ ಲೇಪನವೋ ಕಿಟ್ಟೋ ಮಾಡಿದ್ದಾರೆಯೇ, ಯಾವ ಜಾತಿ ಎಂದು ಬರೆದಿದ್ದಾರೆಯೇ ನೋಡಿ. ಪರೀಕ್ಷೆ ಆಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಬೇರೆ ನೋವಿನ ಗುಳಿಗೆ ಬೇಡ, ಡೆಂಗಿ ಇದ್ದರೆ ಅವು ಅಪಾಯ.

ಸೂಜಿ ಬಾಟ್ಲಿಯೋ, ಗುಳಿಗೆಯೋ

ಸಿಂಧನೂರು ತಾಲೂಕಿನ ಒಂದು ಹಳ್ಳಿಯಲ್ಲಿ ನಾಟಿ ಕೂಲಿಗೆ ಹೋಗುತ್ತಿದ್ದ ಹೆಣ್ಣುಮಗಳಿಗೆ ಜ್ವರ ಬಂತು. ಕೂಲಿ ತಪ್ಪಬಾರದೆಂದು ಊರಲ್ಲೇ ಸೂಜಿ ಹಾಕುವವರ ಬಳಿ ಮೂರು ಸಂಜೆ ಹೋದಳು. ಸೂಜಿ, ಗ್ಲುಕೋಸ್ ಬಾಟ್ಲಿ. ಜ್ವರ ಇಳಿಯುತ್ತಿತ್ತು, ಬೆಳಗ್ಗೆ ಮತ್ತೆ ಏರುತ್ತಿತ್ತು. ನಾಲ್ಕನೇ ದಿನ ನಾನು ಹೋದಾಗ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಕರೆದರೆ ಒಂದೇ ಮಾತಿಗೆ ಏಳಲಿಲ್ಲ. ಕಣ್ಣು ಅರಿಶಿನ ಬಣ್ಣ. ಕಿಟ್ಟಿನಲ್ಲಿ ಫಾಲ್ಸಿಪಾರಂ ಗೆರೆ ಕಡುವಾಗಿ ಮೂಡಿತು. 108ಕ್ಕೆ ಫೋನು ಮಾಡಿ ಕಳಿಸಿದೆವು, ಉಳಿದಳು. ಮೂರು ಸಂಜೆ ಅವಳು ಕೊಟ್ಟ ಹಣ ಎರಡು ವಾರದ ಕೂಲಿ. ಪರೀಕ್ಷೆಗೂ ಗುಳಿಗೆಗೂ ಸರ್ಕಾರಿ ಕೇಂದ್ರದಲ್ಲಿ ಒಂದು ಪೈಸೆ ಇಲ್ಲ. ಆ ಮೂರು ಸಂಜೆಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಜಾತಿ ನೋಡಿ ಗುಳಿಗೆ ಎಂದೆನಲ್ಲ, ಅದು ಹೀಗೆ. ವೈವ್ಯಾಕ್ಸ್ ಆದರೆ 3 ದಿನ ಕ್ಲೋರೋಕ್ವಿನ್, ದೊಡ್ಡವರಿಗೆ ಒಟ್ಟು 10 ಗುಳಿಗೆ: 4, 4, 2. ಜೊತೆಗೆ 14 ದಿನ ಪ್ರೈಮಾಕ್ವಿನ್. ಫಾಲ್ಸಿಪಾರಂ ಆದರೆ ಕ್ಲೋರೋಕ್ವಿನ್ ಸಾಲದು. 3 ದಿನದ ಎಸಿಟಿ ಎಂಬ ಜೋಡಿ ಔಷಧಿ, ಮತ್ತು ಪ್ರೈಮಾಕ್ವಿನ್ ಎರಡನೇ ದಿನ ಒಂದೇ ಸಲ. ಎರಡೂ ಜಾತಿ ಒಟ್ಟಿಗಿದ್ದರೆ ಎಸಿಟಿ ಮತ್ತು 14 ದಿನದ ಪ್ರೈಮಾಕ್ವಿನ್. ಎಸಿಟಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಬಣ್ಣದ ಪಟ್ಟಿಯಲ್ಲಿ ಬರುತ್ತದೆ, 15 ದಾಟಿದವರಿಗೆ ಬಿಳಿ. ಅಣ್ಣನ ಪಟ್ಟಿ ಮುರಿದು ತಮ್ಮನಿಗೆ ಕೊಡುವ ಹಾಗಿಲ್ಲ. ಮಕ್ಕಳ ಪ್ರಮಾಣವನ್ನು ಆರೋಗ್ಯ ಸಿಬ್ಬಂದಿಯೇ ಹೇಳಲಿ. ಬರಿಹೊಟ್ಟೆಯಲ್ಲಿ ಬೇಡ, ಎರಡು ತುತ್ತು ಅನ್ನವೋ ರೊಟ್ಟಿಯೋ ತಿಂದು ನುಂಗಿ. ನುಂಗಿದ ಅರ್ಧ ತಾಸಿನೊಳಗೆ ವಾಂತಿಯಾದರೆ ಆಶಾ ಅವರಿಗೆ ಹೇಳಿ, ಆ ಸಲದ ಗುಳಿಗೆ ಮತ್ತೆ ಕೊಡಬೇಕಾಗುತ್ತದೆ.

ಜನ ಸೋಲುವುದು ಆ 14 ದಿನದ ಮುಂದೆ. ಮೂರನೇ ದಿನಕ್ಕೆ ಜ್ವರ ಹೋಗಿರುತ್ತದೆ, ಹೊಲ ಕರೆಯುತ್ತಿರುತ್ತದೆ, ಗುಳಿಗೆ ಗೂಡಿನಲ್ಲೇ ಉಳಿಯುತ್ತದೆ. ವೈವ್ಯಾಕ್ಸ್ ರೋಗಾಣು ರಕ್ತದಿಂದ ಹೋದರೂ ಲಿವರಿನಲ್ಲಿ ಅಡಗಿ ನಿದ್ದೆ ಮಾಡುತ್ತದೆ. ಕ್ಲೋರೋಕ್ವಿನ್ ಅಲ್ಲಿಗೆ ಮುಟ್ಟುವುದಿಲ್ಲ. ಕೆಲವು ವಾರಕ್ಕೋ ತಿಂಗಳಿಗೋ ಸೊಳ್ಳೆ ಕಚ್ಚದೆಯೇ ಮತ್ತೆ ಜ್ವರ ಬರುತ್ತದೆ. "ಹೋದ ನಾಟ್ಯಾಗ ಬಂದಿತ್ತು, ಈಗ ಕೊಯ್ಲಿನಾಗ ಮತ್ತ ಬಂತು" ಎಂದು ಹೇಳುವವರನ್ನು ಎಷ್ಟೋ ಸಲ ಕೇಳಿದೆ, ಗೂಡಿನಲ್ಲಿ ಅರ್ಧ ಪಟ್ಟಿ ಪ್ರೈಮಾಕ್ವಿನ್ ಸಿಕ್ಕಿತು.

ದೇವದುರ್ಗದ ಕಡೆಯ ಒಬ್ಬ ಮುದುಕರಿಗೆ ಓದು ಬರಹ ಇರಲಿಲ್ಲ. ಊರಿನ ಆಶಾ ಕಾರ್ಯಕರ್ತೆ ಮುದುಕರ ಮನೆಯ ಬಾಗಿಲ ಪಕ್ಕ ಇದ್ದಿಲಿನಿಂದ 14 ಗೆರೆ ಎಳೆದು, "ಯಪ್ಪಾ, ಗುಳಿಗಿ ನುಂಗಿದ ಮ್ಯಾಲ ಒಂದು ಗೆರಿ ಅಳಸ್ರಿ, ಗೋಡಿ ಖಾಲಿ ಆದ್ಮ್ಯಾಲ ನಾ ಬರ್ತೀನಿ" ಎಂದಿದ್ದರು. ಎಂಟನೇ ದಿನ ನಾನು ಹೋದಾಗ ಗೋಡೆಯ ಮೇಲೆ ಆರು ಗೆರೆ ಉಳಿದಿದ್ದವು. ಮುದುಕರು ಅಂದಿನ ಬೂದುಬಣ್ಣದ ಬೆರಳನ್ನು ನನಗೆ ಎತ್ತಿ ತೋರಿಸಿದರು.

ಪ್ರೈಮಾಕ್ವಿನ್ ಎಲ್ಲರಿಗೂ ಅಲ್ಲ. ಬಸುರಿಯರಿಗೆ, ಒಂದು ವರ್ಷದೊಳಗಿನ ಕೂಸಿಗೆ, ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುವ ತಾಯಿಗೆ ಕೊಡಬಾರದು. ಜಿ6ಪಿಡಿ ಎಂಬ ಅಂಶದ ಕೊರತೆ ಹುಟ್ಟಿನಿಂದ ಇರುವವರಿಗೂ ಕೊಡಬಾರದು, ಅವರ ಕೆಂಪು ರಕ್ತಕಣ ಒಡೆಯುತ್ತವೆ. ಗುಳಿಗೆ ತಗೊಳ್ಳುವಾಗ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತುಟಿ ಉಗುರು ನೀಲಿಯಾದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬಸುರಿಗೆ ಮಲೇರಿಯಾ ಎಂದರೆ ಮನೆಯಲ್ಲಿ ಆಯ್ಕೆ ಮಾಡುವ ಮಾತೇ ಇಲ್ಲ, ಯಾವ ತಿಂಗಳೆಂದು ನೋಡಿ ವೈದ್ಯರೇ ಔಷಧಿ ನಿರ್ಧರಿಸಬೇಕು.

ಅಂಗಡಿಯಲ್ಲಿ ಬಿಡಿ ಕ್ಲೋರೋಕ್ವಿನ್ ಎರಡು ಕೊಂಡು ನುಂಗುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಜ್ವರ ಸ್ವಲ್ಪ ತಗ್ಗುತ್ತದೆ, ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು, ರೋಗ ಒಳಗೇ ಉಳಿಯುತ್ತದೆ. ಆರ್ಟಿಸುನೇಟ್ ಎಂಬ ಮಲೇರಿಯಾ ಔಷಧಿ ಒಂದನ್ನೇ ಗುಳಿಗೆಯಾಗಿ ಕೊಡುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. ಒಂಟಿ ಔಷಧಿಗೆ ರೋಗಾಣು ಬೇಗ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ಯಾರಿಗೂ ಅದು ನಾಟುವುದಿಲ್ಲ.

ಗುಳಿಗೆ ಬಿಟ್ಟು ನೇರ ದೊಡ್ಡಾಸ್ಪತ್ರೆಗೇ ಹೋಗಬೇಕಾದ ಹೊತ್ತು ಯಾವುದು? ಮಂಪರು, ಫಿಟ್ಸ್, ಏನೂ ಕುಡಿಯಲಾಗದ ವಾಂತಿ, ಏದುಸಿರು, ಕಣ್ಣು ಹಳದಿ, ಮೂತ್ರ ಕಪ್ಪಾಗುವುದು ಅಥವಾ ನಿಂತೇ ಹೋಗುವುದು, ಅಂಗೈ ಬಿಳಿಚಿಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108. ಆಗ ಬೇಕಾದದ್ದು ರಕ್ತನಾಳಕ್ಕೆ ಕೊಡುವ ಆರ್ಟಿಸುನೇಟ್ ಸೂಜಿ. ಆ ಸೂಜಿಗೂ ಊರಿನ ಗ್ಲುಕೋಸ್ ಬಾಟ್ಲಿಗೂ ಸಂಬಂಧವಿಲ್ಲ.

ಲಸಿಕೆಯ ಬಗ್ಗೆಯೂ ಈಚೆಗೆ ಕೇಳುತ್ತಾರೆ. ಆರ್‌21 ಎಂಬ ಮಲೇರಿಯಾ ಲಸಿಕೆ ತಯಾರಾಗುವುದು ನಮ್ಮ ಪುಣೆಯಲ್ಲೇ. ಆದರೆ ಅದನ್ನು ಹಾಕುತ್ತಿರುವುದು ಫಾಲ್ಸಿಪಾರಂ ವಿಪರೀತವಿರುವ ಆಫ್ರಿಕಾದ ದೇಶಗಳ ಸಣ್ಣ ಮಕ್ಕಳಿಗೆ. ವೈವ್ಯಾಕ್ಸ್‌ಗೆ ಅದು ನಾಟುವುದಿಲ್ಲ. ನಮಗೆ ಸದ್ಯಕ್ಕೆ ಪರದೆ ಮತ್ತು ಪರೀಕ್ಷೆಯೇ.

ಗುಳೆ ಹೋಗಿ ಬಂದವರಿಗೆ

ನಮ್ಮ ಜಿಲ್ಲೆಗಳಲ್ಲಿ ಮಲೇರಿಯಾ ಹಿಂದಿನಷ್ಟಿಲ್ಲ, ಬಹಳ ಇಳಿದಿದೆ. ಇಳಿದಷ್ಟೂ ಒಂದು ದಾರಿಯ ಮೇಲೆ ಹೆಚ್ಚು ಕಣ್ಣಿಡಬೇಕು: ಗುಳೆಯ ದಾರಿ. ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಜನ ಮಂಗಳೂರಿಗೆ, ಗೋವೆಗೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಂಗಳೂರು ವರ್ಷಗಳಿಂದ ಮಲೇರಿಯಾ ಕಾಡಿದ ಊರು. ಅರ್ಧ ಕಟ್ಟಿದ ಕಟ್ಟಡದ ನೀರು ನಿಂತ ನೆಲಮಾಳಿಗೆಯ ಮೇಲೆಯೇ ಕೂಲಿಯವರು ಮಲಗುತ್ತಾರೆ. ಅಲ್ಲಿ ಜ್ವರ ಬಂದು ನಾಲ್ಕು ದಿನ ಗುಳಿಗೆ ನುಂಗಿ, ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ರೋಗಾಣು ಜೊತೆಗೇ ಬಸ್ಸಿನಿಂದ ಇಳಿಯುತ್ತದೆ. ಇಲ್ಲಿ ಸೊಳ್ಳೆ ಕಾಯುತ್ತಿರುತ್ತದೆ.

ಹೋಗುವಾಗ ಬುತ್ತಿಗಂಟಿನ ಜೊತೆ ಒಂದು ಪರದೆ ಕಟ್ಟಿಕೊಳ್ಳಿ. ಬಂದ ಒಂದು ತಿಂಗಳೊಳಗೆ ಮೈ ಬಿಸಿಯಾದರೂ ಆಶಾ ಅವರಿಗೆ ಎಲ್ಲಿಂದ ಬಂದಿರಿ ಎಂದು ಮೊದಲ ಮಾತಿನಲ್ಲೇ ಹೇಳಿ, ವೈದ್ಯರಿಗೂ ಹೇಳಿ. ಅವರಾಗಿ ಕೇಳದೆ ಇರಬಹುದು. ಅಲ್ಲಿನ ಆಸ್ಪತ್ರೆಯ ಚೀಟಿ ಬಿಸಾಕಬೇಡಿ. ಯಾವ ಜಾತಿ, ಎಷ್ಟನೇ ದಿನದ ಗುಳಿಗೆ ಎಂದು ಅದರಲ್ಲಿ ಇರುತ್ತದೆ. 14ರಲ್ಲಿ 6 ದಿನ ಅಲ್ಲಿ ನುಂಗಿ ಬಸ್ಸು ಹತ್ತಿದ್ದರೆ ಉಳಿದ 8 ದಿನದ್ದನ್ನು ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ಚೀಟಿ ತೋರಿಸಿ ಕೇಳಿ ಪಡೆಯಿರಿ, ಬಂದ ಮರುದಿನವೇ.